ತುಂಬೆ ಮತ್ತು ಲ್ಯೂಕಾಸ್: ಜನಪದ ಸಸ್ಯನಾಮಗಳ ಸಂಗ್ರಹವಿಧಾನ – ಒಂದು ವಿಮರ್ಶೆ

ಜನಪದ ವೈದ್ಯವನ್ನು ಕುರಿತ ನಮ್ಮ ಸಂಗ್ರಹಗಳಲ್ಲಿ ಒಂದು ರೂಢಿ ಬೆಳೆದುಬಂದಿದೆ. ವಕ್ತೃ ಹೇಳಿದ ಗಿಡದ ಹೆಸರಿನ ಮುಂದೆ ನಿಘಂಟಿನಿಂದ ಎತ್ತಿಕೊಂಡ ಸಸ್ಯಶಾಸ್ತ್ರೀಯ ನಾಮವೊಂದನ್ನು ಜೋಡಿಸಲಾಗುತ್ತದೆ. ಇಷ್ಟರಿಂದಲೇ ಸಂಗ್ರಹ ಶಾಸ್ತ್ರೀಯವಾಯಿತೆಂಬ ನಂಬಿಕೆ ಎಷ್ಟು ಸರಿ? ತುಂಬೆಯ ನಿದರ್ಶನದಿಂದ ಇದನ್ನು ಪರಿಶೀಲಿಸಬಹುದು.

ಜಗಳೂರು ತಾಲ್ಲೂಕಿನ ಬಿಳಿಚೋಡಿನಂಥ ಮಳೆಯಾಶ್ರಿತ ಸೀಮೆಯಲ್ಲಿ ಹೊಲದ ಬದುವಿನ ತುಂಬೆ ಯಾರಿಗೂ ಹೊಸದಲ್ಲ. ಶಿವಪೂಜೆಗೆ ಸಲ್ಲುವ, ನೆಗಡಿ ತಲೆನೋವುಗಳಿಗೆ ಮದ್ದೆನಿಸಿದ ಈ ಗಿಡ ಶಾಸ್ತ್ರದಲ್ಲಿ ‘ಲ್ಯೂಕಾಸ್ ಆಸ್ಪೆರಾ’. ಗ್ರೀಕಿನ ‘ಲ್ಯೂಕೋಸ್’ ಎಂದರೆ ಬಿಳಿ. ಲ್ಯಾಟಿನ್ನಿನ ‘ಆಸ್ಪೆರ್’ ಎಂದರೆ ಒರಟು. ಹೂವಿನ ಬಣ್ಣ, ಎಲೆಯ ಸ್ಪರ್ಶ ಎರಡೂ ಹೆಸರಿನಲ್ಲಿವೆ. ಆದರೆ ಈ ಹೆಸರೂ ಆದಿಯಿಂದ ಬಂದುದಲ್ಲ. ವಿಲ್ಡೆನೋ ಇದನ್ನು ‘ಫ್ಲೋಮಿಸ್’ ಜಾತಿಯಲ್ಲಿಟ್ಟಿದ್ದನು. 1810ರಲ್ಲಿ ರಾಬರ್ಟ್ ಬ್ರೌನ್ ‘ಲ್ಯೂಕಾಸ್’ ಜಾತಿಯನ್ನು ಸ್ಥಾಪಿಸಿದ ಮೇಲೆ, 1822ರಲ್ಲಿ ಲಿಂಕ್ ಈ ಗಿಡವನ್ನು ಅಲ್ಲಿಗೆ ವರ್ಗಾಯಿಸಿದನು.

ಕನ್ನಡದಲ್ಲಿ ಲ್ಯೂಕಾಸ್ ಜಾತಿಯ ಹಲವು ಪ್ರಭೇದಗಳು ತುಂಬೆಯೇ. ಜೊತೆಗೆ ಕರಿತುಂಬೆ, ಕತ್ತೆತುಂಬೆ ಎಂಬ ಹೆಸರುಗಳೂ ಇವೆ. ನಸುನೇರಳೆ ಹೂವಿನ ಕರಿತುಂಬೆ ‘ಅನಿಸೋಮೆಲಿಸ್ ಮಲಬಾರಿಕಾ’. ಹೂ ನೆಲದತ್ತ ಬಾಗುವ ಕತ್ತೆತುಂಬೆ ‘ಟ್ರೈಕೋಡೆಸ್ಮಾ ಇಂಡಿಕಂ’. ಮೊದಲನೆಯದು ತುಂಬೆಯಂತೆ ತುಳಸಿಯ ಕುಟುಂಬದ್ದು. ಎರಡನೆಯದರ ಕುಟುಂಬವೇ ಬೇರೆ. ಗಮನಾರ್ಹ ಸಂಗತಿಯೆಂದರೆ, ಲ್ಯೂಕಾಸ್, ಅನಿಸೋಮೆಲಿಸ್, ಟ್ರೈಕೋಡೆಸ್ಮಾ ಈ ಮೂರೂ ಜಾತಿಗಳನ್ನು ಬ್ರೌನನು 1810ರ ಒಂದೇ ಗ್ರಂಥದಲ್ಲಿ ಬೇರೆಬೇರೆಯಾಗಿ ನಿರೂಪಿಸಿದ್ದಾನೆ. ಅವನು ಬೇರ್ಪಡಿಸಿದ್ದನ್ನು ಕನ್ನಡ ಒಂದೇ ಹೆಸರಿನಡಿ ಕೂಡಿಸಿದೆ.

ಇದನ್ನು ಜನಪದರ ಗೊಂದಲವೆನ್ನುವುದು ಅವಸರದ ತೀರ್ಮಾನ. ‘ತುಂಬೆ’ ಎಂಬುದು ಇಲ್ಲಿ ಸಾಮ್ಯವನ್ನೂ, ‘ಕರಿ’, ‘ಕತ್ತೆ’ ಎಂಬ ವಿಶೇಷಣಗಳು ಭೇದವನ್ನೂ ಸೂಚಿಸುತ್ತವೆ. ಲಿನಿಯಸ್ 1753ರಲ್ಲಿ ನೆಲೆಗೊಳಿಸಿದ ದ್ವಿನಾಮ ಪದ್ಧತಿಯ ಕಟ್ಟೂ ಹೀಗೆಯೇ ಇದೆ. ಅಂತರವಿರುವುದು ಸಾಮ್ಯದ ಮಾನದಂಡದಲ್ಲಿ: ಅಲ್ಲಿ ಹೂವಿನ ರಚನೆ, ಇಲ್ಲಿ ಬಳಕೆಯ ಕಣ್ಣು.

ದೋಷವಿರುವುದು ಸಂಗ್ರಾಹಕರಾದ ನಮ್ಮಲ್ಲಿ. ವಿಶೇಷಣವನ್ನು ಕೈಬಿಟ್ಟು ‘ತುಂಬೆ ರಸ’ ಎಂದಷ್ಟೇ ಬರೆದು, ಮುಂದೆ ಲ್ಯೂಕಾಸ್ ಆಸ್ಪೆರಾ ಎಂದು ಸೇರಿಸಿದರೆ, ಹೇಳಿದವರ ಗಿಡ ಒಂದು, ಅಚ್ಚಾದ ಗಿಡ ಇನ್ನೊಂದು ಆಗಬಹುದು. ಮದ್ದಿನ ವಿಷಯದಲ್ಲಿ ಇದು ಕೇವಲ ಪಾಠದೋಷವಲ್ಲ. ನಂಬಿ ಬಳಸುವವರ ದೇಹಕ್ಕೆ ತಟ್ಟುವ ದೋಷ.

ಆದ್ದರಿಂದ ವಕ್ತೃ ನುಡಿದ ಪೂರ್ಣ ಹೆಸರು, ಬಳಸುವ ಭಾಗ, ಗಿಡ ಬೆಳೆಯುವ ನೆಲ, ಹೂಬಿಡುವ ಕಾಲ ಇವುಗಳನ್ನು ದಾಖಲಿಸಬೇಕು. ಗಿಡವನ್ನೇ ಒತ್ತಿ ಒಣಗಿಸಿ, ಸಸ್ಯಶಾಸ್ತ್ರಜ್ಞರಿಗೆ ತೋರಿಸಿದ ಮೇಲಷ್ಟೇ ಶಾಸ್ತ್ರನಾಮವನ್ನು ಬರೆಯಬೇಕು. ಕಳೆನಾಶಕದ ಬಳಕೆ ಹೆಚ್ಚಿದ ಇಂದು ಬದುವಿನ ಗಿಡಗಳು ಕಾಣೆಯಾದರೆ, ಮುಂದಿನವರಿಗೆ ಉಳಿಯುವುದು ನಮ್ಮ ಪಟ್ಟಿಗಳು ಮಾತ್ರ. ಅವು ತಪ್ಪಾಗಿದ್ದರೆ ತಿದ್ದಿಕೊಳ್ಳಲು ಗಿಡವೂ ಇರುವುದಿಲ್ಲ, ಹೇಳಿದವರೂ ಇರುವುದಿಲ್ಲ.