ಗೆದ್ದ ಮೇಲೆ ಕ್ಯಾಮೆರಾ ಆಫ್

'ಗ್ನಾರ್' ಅನ್ನೋ 2010ರ ಐಸ್‌ಲ್ಯಾಂಡ್ ಡಾಕ್ಯುಮೆಂಟರಿ ನೋಡ್ತಾ ನಗು ತಡೆಯೋದು ಕಷ್ಟ. ಆದರೂ ನನ್ನದೊಂದು ತಕರಾರಿದೆ. ಕಥೆ ಶುರುವಾಗೋ ಹೊತ್ತಿಗೆ ಸರಿಯಾಗಿ ಸಿನಿಮಾ ಮುಗಿದುಹೋಗುತ್ತೆ.

ಯೋನ್ ಗ್ನಾರ್ ಹುಟ್ಟಿದ್ದು 1967ರಲ್ಲಿ. ಓದು ತಲೆಗೆ ಹತ್ತದ ಹುಡುಗ, ಪಂಕ್ ಬ್ಯಾಂಡೊಂದರಲ್ಲಿ ಬಾಸ್ ನುಡಿಸಿದ, ಟ್ಯಾಕ್ಸಿ ಓಡಿಸಿದ. ಆಮೇಲೆ ರೇಡಿಯೋದಲ್ಲಿ ಗೆಳೆಯನ ಜೊತೆ ಸೇರಿ ನಡೆಸಿಕೊಟ್ಟ ಹಾಸ್ಯ ಕಾರ್ಯಕ್ರಮದಿಂದ ಮನೆಮಾತಾದ. 2007ರ ಟಿವಿ ಸರಣಿಯಲ್ಲಿ ಅವನದು ಪೆಟ್ರೋಲ್ ಬಂಕಿನ ನೈಟ್ ಶಿಫ್ಟ್ ಮ್ಯಾನೇಜರ್ ಪಾತ್ರ. ತನ್ನ ಡಿಗ್ರಿಗಳ ಜಂಬ ಕೊಚ್ಚುತ್ತಾ ಕೈಕೆಳಗಿನವರ ಜೀವ ತಿನ್ನೋ ಆಸಾಮಿ. (ನಮ್ಮ ಪ್ರತಿ ಪ್ರಾಜೆಕ್ಟಿನಲ್ಲೂ ಒಬ್ಬ ಇರ್ತಾನಲ್ಲ, ಥೇಟ್ ಅವನೇ.)

2008ರ ಅಕ್ಟೋಬರಿನಲ್ಲಿ ಆ ದೇಶದ ಮೂರು ದೊಡ್ಡ ಬ್ಯಾಂಕುಗಳು ಒಂದೇ ವಾರದಲ್ಲಿ ಮಕಾಡೆ ಮಲಗಿದವು. ಜನ ಪಾತ್ರೆ ಪಗಡೆ ಬಡಿಯುತ್ತಾ ಬೀದಿಗಿಳಿದರು. ಆಗ ಗ್ನಾರ್ ಕಟ್ಟಿದ್ದೇ 'ಬೆಸ್ಟ್ ಪಾರ್ಟಿ'. ಈಜುಕೊಳದಲ್ಲಿ ಎಲ್ಲರಿಗೂ ಪುಕ್ಕಟೆ ಟವೆಲ್, ರೇಕ್ಯಾವಿಕ್ ಮೃಗಾಲಯಕ್ಕೆ ಒಂದು ಹಿಮಕರಡಿ, 2020ರೊಳಗೆ ಮಾದಕವಸ್ತು ಮುಕ್ತ ಸಂಸತ್ತು. ಇದರ ಮೇಲೆ, ಕೊಟ್ಟ ಯಾವ ಭರವಸೆಯನ್ನೂ ಉಳಿಸಿಕೊಳ್ಳಲ್ಲ ಅನ್ನೋ ಇನ್ನೊಂದು ಭರವಸೆ! 'ದಿ ವೈರ್' ಸರಣಿ ನೋಡದವರ ಜೊತೆ ಮೈತ್ರಿ ಇಲ್ಲ ಅಂತ ಷರತ್ತು ಬೇರೆ. 2010ರ ಮೇನಲ್ಲಿ ಶೇ. 34.7 ಮತ ಬಿತ್ತು. ನಗರಸಭೆಯ 15ರಲ್ಲಿ 6 ಸ್ಥಾನ. ಗ್ನಾರ್ ಮೇಯರ್!

ಸಿನಿಮಾ ಹಿಡಿದಿರೋದು ಈ ಪ್ರಚಾರದ ಓಟವನ್ನ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಗೋ-ಲೈವ್ ದಿನ ಕೇಕ್ ಕತ್ತರಿಸಿ ಫೋಟೋ ತೆಗೆದಂಗೆ. ಮಾರನೇ ದಿನದ ಪ್ರೊಡಕ್ಷನ್ ಸಪೋರ್ಟ್ ಯಾರ ಕಣ್ಣಿಗೂ ಬೀಳಲ್ಲ.

ಆ ಸಪೋರ್ಟಿನ ಕೆಲಸ ಏನಿತ್ತು ಗೊತ್ತಾ? ಊರಿಗೆಲ್ಲ ಬಿಸಿನೀರು, ಕರೆಂಟು ಕೊಡೋ ರೇಕ್ಯಾವಿಕ್ ಎನರ್ಜಿ ಕಂಪನಿಯ ಬಹುಪಾಲು ಒಡೆತನ ನಗರದ್ದೇ. ಸಾಲದ ದೊಡ್ಡ ಭಾಗ ವಿದೇಶಿ ಕರೆನ್ಸಿಯಲ್ಲಿತ್ತು. ಐಸ್‌ಲ್ಯಾಂಡಿನ ಕ್ರೋನಾ ಬಿದ್ದ ಮೇಲೆ ಅದು ಬೆಟ್ಟದಂಗೆ ಬೆಳೆದು ಕೂತಿತ್ತು. ಹಾಸ್ಯಗಾರನ ಕಾಲದಲ್ಲೇ ದರ ಏರಿತು, ಕೆಲಸಗಾರರನ್ನ ತೆಗೆದರು, ಆಸ್ತಿ ಮಾರಿದರು. ಶಾಲೆಗಳನ್ನ ಒಂದಕ್ಕೊಂದು ಸೇರಿಸಿದ್ದಕ್ಕೆ ಅಪ್ಪ-ಅಮ್ಮಂದಿರು ತಿರುಗಿಬಿದ್ದರು. ಇದರಲ್ಲಿ ನಗೋಕೆ ಏನೂ ಇಲ್ಲ. ಆದರೆ ಕಂಪನಿ ಉಳಿಯಿತು.

ಇಲ್ಲಿಂದ ಹಿಂದಕ್ಕೆ ತಿರುಗಿ ನೋಡಿದರೆ ಆ ಟವೆಲ್ ಜೋಕು ಬೇರೆ ಥರ ಕಾಣುತ್ತೆ. ಅಂಗೈಯಲ್ಲಿ ಅರಮನೆ ತೋರಿಸಿ ಬಂದವನು ಕರೆಂಟ್ ಬಿಲ್ ಏರಿಸಿದರೆ ಅದು ಮೋಸ. ಅಂಗೈಯಲ್ಲಿ ಏನೂ ಇಲ್ಲ ಅಂತ ಮೊದಲೇ ಹೇಳಿದವನು ಏರಿಸಿದರೆ ಸಿಟ್ಟು ಬರುತ್ತೆ, ಮೋಸ ಅನಿಸಲ್ಲ. ಅಪ್ರಿಯ ಕೆಲಸ ಮಾಡೋಕೆ ಅವನಿಗೆ ಜಾಗ ಸಿಕ್ಕಿದ್ದು ಆ ಜೋಕಿನಿಂದಲೇ ಅನ್ನೋದು ನನ್ನ ಲೆಕ್ಕ. ಇದನ್ನ ತೋರಿಸದ ಸಿನಿಮಾ ಅವನನ್ನ ಬರೀ ತಮಾಷೆ ಗಿರಾಕಿ ಮಾಡಿಬಿಟ್ಟಿದೆ. ಗೇ ಪ್ರೈಡ್ ಮೆರವಣಿಗೆಗೆ ಹೆಣ್ಣುವೇಷದಲ್ಲಿ ಬಂದ ಮೇಯರ್ ಫೋಟೋ ಲೋಕವೆಲ್ಲ ಸುತ್ತಿತು. ದರಪಟ್ಟಿಯ ಫೋಟೋ ಯಾರು ಹಾಕ್ತಾರೆ?

2014ರಲ್ಲಿ ಅವನು ಮತ್ತೆ ನಿಲ್ಲಲಿಲ್ಲ, ಪಕ್ಷವನ್ನೂ ಮುಚ್ಚಿದ. ಎಂಥಾ ತ್ಯಾಗ ಅಂತ ಹೊಗಳೋರಿದ್ದಾರೆ. ನನಗೆ ಅಷ್ಟು ಸಮಾಧಾನ ಇಲ್ಲ. ರೂಢಿಯ ಪಕ್ಷಗಳು ಬೇಡ ಅಂತ ವೋಟು ಹಾಕಿದವರಿಗೆ ನಾಲ್ಕು ವರ್ಷಕ್ಕೆ ಬಾಗಿಲು ಹಾಕಿದಂತಾಯ್ತು. ಮುಂದಿನ ಮೇಯರ್ ಬಂದದ್ದು ಹಳೇ ಪಕ್ಷದಿಂದಲೇ. ಗ್ನಾರ್ 2024ರಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತು ಸೋತ. ಅದೇ ನವೆಂಬರಿನಲ್ಲಿ ವಿದ್‌ರೇಸ್ನ್ ಅನ್ನೋ ಮಾಮೂಲಿ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾದ. ಜೋಕಿನ ರಕ್ಷಣೆ ಇಲ್ಲದೆ ವೋಟು ಕೇಳೋದು ಟವೆಲ್ ಹಂಚ್ತೀನಿ ಅನ್ನೋದಕ್ಕಿಂತ ಕಷ್ಟವೇ ಇರಬೇಕು.

ಸಿನಿಮಾವನ್ನ ಖಂಡಿತ ನೋಡಿ. ಮೇಯರ್ ಕುರ್ಚಿಯ ಆ ನಾಲ್ಕು ವರ್ಷಗಳ ಮೇಲೆ ಯಾರಾದರೂ ಇನ್ನೊಂದು ತೆಗೆದರೆ, ಅರ್ಧಕ್ಕರ್ಧ ಬಜೆಟ್ ಮೀಟಿಂಗೇ ತುಂಬಿದ್ದರೂ, ನಾನಂತೂ ಮೊದಲ ದಿನವೇ ನೋಡ್ತೀನಿ.