ಅಲ್ಯೂಮಿನಿಯಂ ಫ್ರೇಮಿನ ಗುಣ

ಚಕ್ರ ಉರುಳುತ್ತಿರುವವರೆಗೂ ಪೆಡಲು ನಿಲ್ಲದ, ವೇಗವನ್ನು ತಗ್ಗಿಸುವುದಕ್ಕೂ ಸವಾರನ ಕಾಲ್ಬಲವನ್ನು ಆಶ್ರಯಿಸಬಲ್ಲ ಫಿಕ್ಸೆಡ್ ಗೇರ್ ಸೈಕಲ್ಲಿನಲ್ಲಿ, ಮುಂದೊತ್ತು ಹಿಂದೊತ್ತುಗಳೆರಡನ್ನೂ ಸಹಿಸತಕ್ಕದ್ದು ಫ್ರೇಮು. ಸಮಗಾತ್ರದ ಉಕ್ಕಿನ ಸುಮಾರು ಮೂರನೆಯ ಒಂದು ಪಾಲು ತೂಗುವ ಅಲ್ಯೂಮಿನಿಯಂ ಬಿಗಿತದಲ್ಲಿಯೂ ಅಷ್ಟೇ ಪಾಲಿನದಾದುದರಿಂದ, ಕುಶಲಿಯಾದ ನಿರ್ಮಾಪಕನು ಕೊಳವೆಯ ವ್ಯಾಸವನ್ನು ಹಿಗ್ಗಿಸಿ ಆ ನ್ಯೂನತೆಯನ್ನು ನೀಗುವನು. ಬೆಸುಗೆಯ ಕಾವಿನಲ್ಲಿ ಕುಂದಿದ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಬಲವನ್ನು ಟಿ6 ಎಂಬ ಉಷ್ಣಸಂಸ್ಕಾರದಿಂದ ಮರಳಿ ತುಂಬುವನು. ಮಿತಿಯೊಳಗಿನ ಅಲ್ಪಾಘಾತಗಳನ್ನು ಉಕ್ಕು ಮರೆಯಬಲ್ಲುದು, ಅಲ್ಯೂಮಿನಿಯಂ ಮರೆಯಲಾರದು. ಆದಕಾರಣ ಒಂದೇ ಸಮನಾಗಿ ಹರಿದ ನಿರ್ದೋಷವಾದ ಬೆಸುಗೆಯೇ ಬಾಳಿಕೆಯ ಪ್ರಥಮ ಲಕ್ಷಣ. ಚೈನನ್ನು ಎಳೆದು ಬಿಗಿಯಲು ಹಿಂದಕ್ಕೆ ತೆರೆದ, 120 ಮಿಲಿಮೀಟರ್ ಅಂತರದ ಅಚ್ಚುಗಂಡಿಗಳು, ತಿರುವಿನಲ್ಲಿ ಪೆಡಲು ನೆಲಕ್ಕೆ ತಾಗದಂತೆ ಎತ್ತರಿಸಿದ ಕ್ರ್ಯಾಂಕಿನ ನೆಲೆ, ಸವಾರನ ಬೆನ್ನು ತೋಳುಗಳಿಗೆ ಒಪ್ಪುವ ಮೇಲಿನ ಬಾರಿನ ಉದ್ದ, ಇವುಗಳನ್ನು ಪರೀಕ್ಷಿಸದೆ ಬಣ್ಣಕ್ಕೆ ಮರುಳಾಗುವುದು ವಿವೇಕಿಗೆ ತಕ್ಕುದಲ್ಲ.