ಕೈಗಾದ ಮಾಪಕಗಳು ಯಾರ ಕೈಯಲ್ಲಿವೆ?

ಕೈಗಾ ಅಣುಸ್ಥಾವರದ ವಿಕಿರಣ ಕಾವಲು ಯಂತ್ರದ ಮಟ್ಟಿಗೆ ಗಟ್ಟಿಯಾಗಿದೆ. ಜನರ ನಂಬಿಕೆ ಗಳಿಸುವ ಮಟ್ಟಿಗೆ ಇನ್ನೂ ಅರೆಬರೆ. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ವಿಮರ್ಶೆ ಪಕ್ಷಪಾತವಾಗುತ್ತದೆ.

ಮೊದಲು ಗಟ್ಟಿತನ. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. ಪ್ರತಿ ರಿಯಾಕ್ಟರಿಗೂ ಎರಡು ಕಾಂಕ್ರೀಟ್ ಕವಚ. ಅವುಗಳ ನಡುವಿನ ಸಂದಿಯಲ್ಲಿ ಒತ್ತಡವನ್ನು ಹೊರಗಿನ ಗಾಳಿಗಿಂತ ಕಡಿಮೆ ಇಟ್ಟಿರುತ್ತಾರೆ. ಒಳಕವಚದಿಂದ ಸೋರಿದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಒಳಗೆ ಗಾಮಾ ಮಾಪಕಗಳು, ಗಾಳಿಯಲ್ಲಿನ ಟ್ರಿಟಿಯಂ (ವಿಕಿರಣಶೀಲ ಹೈಡ್ರೋಜನ್) ಅಳೆಯುವ ಉಪಕರಣಗಳು, ಚಿಮಣಿಯಲ್ಲಿ ಆರ್ಗಾನ್-41 ಮತ್ತು ಅಯೋಡಿನ್ ಮೇಲೆ ಕಣ್ಣು. ಒತ್ತಡವೋ ವಿಕಿರಣವೋ ಮಿತಿ ಮೀರಿದರೆ ಕವಚದ ಕಿಂಡಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಆದರೆ ಅಪಾಯ ಯಾವಾಗಲೂ ಮಾಪಕ ಕಾಯುವ ಬಾಗಿಲಿನಿಂದಲೇ ಬರುವುದಿಲ್ಲ. 1994ರ ಮೇ 13ರಂದು, ಇಂಧನ ತುಂಬುವ ಮೊದಲೇ, ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್ ಮೂಲಕ ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಟ್ರಿಟಿಯಂ ಸೇರಿತು. ಯಾರೋ ಬೇಕೆಂದೇ ಬೆರೆಸಿದ್ದರೆಂದು ಅಧಿಕಾರಿಗಳೇ ಹೇಳಿದರು. ಟ್ರಿಟಿಯಂನ ಬೀಟಾ ಕಿರಣ ಚರ್ಮವನ್ನೂ ದಾಟದಷ್ಟು ದುರ್ಬಲ. ಗಾಮಾ ಮಾಪಕಕ್ಕೆ ಅದು ಕಾಣುವುದಿಲ್ಲ, ದೇಹದೊಳಗೆ ಸೇರಿದಾಗ ಮಾತ್ರ ಕೆಲಸ ಮಾಡುತ್ತದೆ. ಅದನ್ನು ಹಿಡಿದುಕೊಟ್ಟದ್ದು ಕಾರ್ಮಿಕರ ಮೂತ್ರಪರೀಕ್ಷೆ. ಆ ನಿಯಮಿತ ತಪಾಸಣೆಯ ಶಿಸ್ತು ಮೆಚ್ಚುವಂಥದ್ದು. ಆದರೂ ಅದು ಎಚ್ಚರಿಸಿದ್ದು ನೀರು ಹೊಟ್ಟೆ ಸೇರಿದ ಮೇಲೆ.

ನೀರಿನ ಪಾಠ ಕೈಗಾದ್ದಾದರೆ, ಅನಿಲದ ಪಾಠ ಜಪಾನಿನ ಫುಕುಶಿಮಾ ಅಣುಸ್ಥಾವರದ್ದು. 2011ರಲ್ಲಿ ಅಲ್ಲಿ ಇಂಧನ ಕೊಳವೆಗಳ ಕಾದ ಜಿರ್ಕೋನಿಯಂ ಹಬೆಯೊಡನೆ ವರ್ತಿಸಿ ಹೈಡ್ರೋಜನ್ ಹುಟ್ಟಿತು, ಕಟ್ಟಡಗಳು ಸಿಡಿದವು. ವಿದ್ಯುತ್ ಹೋದದ್ದರಿಂದ ಮಾಪಕಗಳೂ ಕುರುಡಾದವು. ಅತ್ಯಂತ ಬೇಕಾದ ಗಳಿಗೆಯಲ್ಲಿ ಕೈಕೊಡುವ ಮಾಪಕ ಎಷ್ಟು ನಿಖರವಾಗಿದ್ದರೇನು?

ಇಷ್ಟಾದರೂ ನನ್ನ ಮುಖ್ಯ ತಕರಾರು ತಂತ್ರಜ್ಞಾನದ ಮೇಲಲ್ಲ. ಕೈಗಾ ಸುತ್ತಲಿನ ನೀರು, ಹಾಲು, ಮೀನು ಪರೀಕ್ಷಿಸುವ ಪ್ರಯೋಗಾಲಯವೂ ಪರಮಾಣು ಇಂಧನ ಇಲಾಖೆಯ ಬಳಗದ್ದೇ. ಪರಮಾಣು ಇಂಧನ ನಿಯಂತ್ರಣ ಮಂಡಳಿಗೆ ಸಾಕಷ್ಟು ಸ್ವಾಯತ್ತತೆ ಇಲ್ಲವೆಂದು ಮಹಾಲೇಖಪಾಲ ಸಂಸ್ಥೆ (ಸಿಎಜಿ) 2012ರಲ್ಲೇ ಎಚ್ಚರಿಸಿತ್ತು. 1989ರಲ್ಲಿ ಸಾಹಿತಿ ಶಿವರಾಮ ಕಾರಂತರು ಕೈಗಾ ವಿರೋಧಿಸಿ ಲೋಕಸಭೆಗೆ ಸ್ಪರ್ಧಿಸಿದರು. ಅವರು ಸೋತರೂ, ಸ್ಥಾವರದ ನೆರೆಯವರಿಗೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಸೋಲಲಿಲ್ಲ.

ಅಳತೆ ಜನರ ಕೈಯಲ್ಲೇ ಇರುವ ಉದಾಹರಣೆ ಘಟ್ಟದಲ್ಲೇ ಇದೆ. ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಮಳೆ ಎಷ್ಟು ಇಂಚು ಬಿತ್ತೆಂದು ಸರ್ಕಾರ ಹೇಳಲೆಂದು ಯಾರೂ ಕಾಯುವುದಿಲ್ಲ. ತೋಟತೋಟದಲ್ಲೂ ಮಳೆಮಾಪಕ, ದಶಕಗಳ ಲೆಕ್ಕದ ಪುಸ್ತಕ. ಒಬ್ಬರ ಲೆಕ್ಕ ತಪ್ಪಿದರೆ ಪಕ್ಕದ ತೋಟದವರು ತಿದ್ದುತ್ತಾರೆ. ಅಳತೆಗೆ ನಂಬಿಕೆ ಬರುವುದು ಹೀಗೆ, ಅದು ಹಲವರ ಕೈಯಲ್ಲಿದ್ದಾಗ. ಅದೇ ಪಶ್ಚಿಮ ಘಟ್ಟದ ಕೈಗಾಕ್ಕೂ ಈ ಪದ್ಧತಿ ಬರಬೇಕು. ಸುತ್ತಲಿನ ಪಂಚಾಯಿತಿಗಳ ಕೈಗೆ ಮಾಪಕ, ಕಾಲೇಜುಗಳಿಗೆ ನೀರಿನ ಮಾದರಿ, ಚಿಮಣಿಯ ದಿನದ ಅಂಕಿ ಕನ್ನಡದಲ್ಲಿ. 2018ರಲ್ಲಿ, ತನ್ನ ಒಂದನೇ ಘಟಕ 962 ದಿನ ನಿಲ್ಲದೆ ಓಡಿದ ದಾಖಲೆಯನ್ನು ಜಗತ್ತಿಗೇ ಸಾರಿದ ಸ್ಥಾವರಕ್ಕೆ ತನ್ನ ನಿತ್ಯದ ಅಂಕಿಗಳನ್ನು ನೆರೆಯವರ ಮುಂದಿಡುವುದು ಭಾರವಾಗಬಾರದು.